ಅತ್ತೆಯ ಅಳತೆ ಕುಬಸ

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳಿಗೆ ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ಕೊಡುವ ಪದ್ಧತಿ. ಕೊಟ್ಟ ಖಣವನ್ನು ಹೊಲಿಸಿ ತೊಡುವವರು ಮಾತ್ರ ಕಡಿಮೆ. ಅದು ಟ್ರಂಕಿನ ತಳ ಸೇರಿ, ಮುಂದಿನ ಹಬ್ಬಕ್ಕೆ ಮತ್ತೊಬ್ಬಳ ಉಡಿಗೆ ಬೀಳುತ್ತದೆ. ನಾನೊಮ್ಮೆ ಕೊಟ್ಟ ಹಸಿರು ಖಣ ಮೂರು ವರ್ಷ ಊರೂರು ತಿರುಗಿ ನನ್ನ ಉಡಿಗೇ ಬಂದು ಬಿತ್ತು. ಅಂಚಿನಲ್ಲಿ ನನ್ನದೇ ಇಸ್ತ್ರಿಯ ಸುಟ್ಟ ಕಲೆ ಇದ್ದದ್ದರಿಂದ ಗುರುತು ಸಿಕ್ಕಿತು. ಸಿಟ್ಟು ನೆತ್ತಿಗೇರಿತು. ಇನ್ನು ಮುಂದೆ ಯಾರಿಗೂ ಬಿಡಿ ಖಣ ಕೊಡುವುದಿಲ್ಲ, ಅವರವರ ಮೈಗೆ ಹೊಲಿದೇ ಕೊಡುತ್ತೇನೆ, ಆಗ ಹೇಗೆ ದಾಟಿಸುತ್ತಾರೋ ನೋಡೋಣ ಎಂದುಕೊಂಡೆ.

ಹೀಗೆಂದುಕೊಂಡದ್ದು ಯುಗಾದಿಯಲ್ಲಿ. ಮಷೀನಿನ ಮುಂದೆ ಕುಳಿತದ್ದು ಪಂಚಮಿಗೆ ಆರೇ ದಿನ ಉಳಿದಾಗ. ಬೆಂಕಿ ಬಿದ್ದಾಗ ಬಾವಿ ತೋಡುವುದು ನನ್ನ ಹುಟ್ಟುಗುಣ. ನಾನು ನಿಡಸೋಸಿ ಕಡೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಾನೂ ನನ್ನ ಗಂಡನೂ ಹುಕ್ಕೇರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಕ್ಕಳ ನೋಟುಬುಕ್ಕು ತಿದ್ದುವುದನ್ನು ಬದಿಗಿಟ್ಟು, ಅಡುಗೆಯನ್ನು ಗಂಡನ ತಲೆಗೆ ಕಟ್ಟಿ, ಆರು ಕುಬಸ ಕತ್ತರಿಸಿದೆ. ತಾಯಿಗೊಂದು, ತಂಗಿಗೊಂದು, ಮೂವರು ನಾದಿನಿಯರಿಗೆ ಮೂರು, ಅತ್ತೆಗೊಂದು.

ಖರೆ ಹೇಳಬೇಕೆಂದರೆ ಮೊದಲ ಐದು ಬರೀ ನೆಪ. ಹೊಲಿಯಲೇಬೇಕೆಂದು ನನಗೆ ಇದ್ದದ್ದು ಆರನೆಯದು.

ಅತ್ತೆ ಇರುವುದು ಕುಲಗೋಡದಲ್ಲಿ, ಮಾವನ ಜೊತೆ. ಎರಡು ವರ್ಷದ ಹಿಂದೆ ಅವರಿಗೆ ಕ್ಯಾನ್ಸರ್ ಎಂದು ತಿಳಿದು ಎಡ ಮೊಲೆ ತೆಗೆದರು. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. 'ಆಪರೇಶನ್' ಎನ್ನುತ್ತೇವೆ, ಅಷ್ಟಕ್ಕೇ ನಿಲ್ಲಿಸುತ್ತೇವೆ. ಜೀವ ಉಳಿಯಿತು, ಕೂದಲು ಮತ್ತೆ ಬಂತು, ರೊಟ್ಟಿ ಬಡಿಯುವ ಕೈಗೆ ಬಲವೂ ಬಂತು. ಆದರೆ ಅಂದಿನಿಂದ ಅತ್ತೆ ಸೀರೆಯ ಮೇಲೆ ಮಾವನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡೇ ಇದ್ದಾರೆ. ಕಬ್ಬಿನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಗರಿ ಮೈ ಕೊಯ್ಯದಿರಲೆಂದು ಗಂಡಸರ ಅಂಗಿ ತೊಡುವುದು ನಮ್ಮಲ್ಲಿ ಎಲ್ಲ ಕಡೆ ಇದೆ, ಹಾಗಾಗಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಯಾರಾದರೂ ಮನೆಗೆ ಬಂದರೆ, "ಈಗ ಹೊಲದಿಂದ ಬಂದೆ ನೋಡವ್ವಾ" ಎನ್ನುತ್ತಿದ್ದರು. ಎರಡು ವರ್ಷ ನನ್ನತ್ತೆ ಆಗಷ್ಟೇ ಹೊಲದಿಂದ ಬರುತ್ತಲೇ ಇದ್ದರು.

ಹೊಲದ ಅಂಗಿಯಲ್ಲಿ ತವರಿಗೆ ಹೋಗಲು ಬರುವುದಿಲ್ಲವಲ್ಲ. ಅವರ ತವರು ಮಮದಾಪುರ. ಅಲ್ಲಿ ಒಬ್ಬನೇ ತಮ್ಮ. ಅಕ್ಕನ ಮದುವೆಯಾದಾಗಿನಿಂದ ಪ್ರತಿ ಪಂಚಮಿಗೂ ಆಕೆಯನ್ನು ಕರೆಯಲು ಬರುತ್ತಿದ್ದವರು, ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಮೋಟರ್ ಸೈಕಲ್ಲು, ಈಗ ಮಗನ ಜೀಪು. ಆಪರೇಶನ್ ಆದ ವರ್ಷ ಬಂದು ಒಬ್ಬರೇ ಹಿಂದಿರುಗಿದರು. ಮರುವರ್ಷವೂ ಬಂದರು. ಅತ್ತೆ ಮೊಣಕಾಲು ನೋವೆಂದು ಹೇಳಿ ಒಳಗೇ ಕುಳಿತರು. ಆ ತಮ್ಮನಿಗೆ ಕಾರಣ ತಿಳಿಯಲಿಲ್ಲ. ಯಾರು ಹೇಳಬೇಕು? ತನ್ನ ಹೆಂಡತಿ ಏನಾದರೂ ಅಂದಿರಬೇಕು ಎಂದುಕೊಂಡು ಮನೆಯಲ್ಲಿ ಜಗಳ ಆಡಿದರಂತೆ. ಈ ವರ್ಷ ನನಗೆ ಫೋನು ಮಾಡಿದರು.

"ರೊಟ್ಟಿ ಹಬ್ಬದ ಮರುದಿನ ಮುಂಜಾನೆ ಬರತೇನಿ. ಅಕ್ಕಗ ಹೇಳವಾ. ಈ ಸಲಾನೂ ಬರಲಿಲ್ಲಂದ್ರ ಮುಂದ ಕರಿಯಾಕ ಬರೂದಿಲ್ಲ. ಅರವತ್ತು ದಾಟಿದಾಂವ, ಎಷ್ಟ ಸಲ ಬಾಗಲದಾಗ ನಿಂತು ಹೊಳ್ಳಿ ಹೋಗಲಿ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ಹಾಗಾಗಿಯೇ ನನಗೆ ಹೆದರಿಕೆಯಾಯಿತು. ಅತ್ತೆಗೆ ಒಂದು ಒಳ್ಳೆಯ ಕುಬಸವಿದ್ದರೆ ಹೋದಾರು ಎಂದು ನನ್ನ ತಲೆಯಲ್ಲಿ ಕುಳಿತಿತ್ತು.

ನಮ್ಮಲ್ಲಿ ಪ್ರತಿ ಹೆಂಗಸಿಗೂ ಒಂದು ಅಳತೆ ಕುಬಸ ಇರುತ್ತದೆ. ಎಂದೋ ಒಮ್ಮೆ ಮೈಗೆ ಸರಿಯಾಗಿ ಕೂತ ಕುಬಸ. ಅದನ್ನು ತೊಡದೆ, ಟ್ರಂಕಿನ ತಳದಲ್ಲಿ ಜೋಪಾನ ಮಾಡಿ, ಹೊಲಿಸುವಾಗ ಮಾತ್ರ ಟೇಲರನ ಕೈಗೆ ಕೊಡುತ್ತಾರೆ. ಗಂಡಸು ಟೇಲರು ಮೈಗೆ ಟೇಪು ಹಚ್ಚುವ ಪ್ರಶ್ನೆಯೇ ಇಲ್ಲ. ಯುಗಾದಿಗೆ ಹೋದಾಗ ಅತ್ತೆಯ ಅಳತೆ ಕುಬಸವನ್ನು ಕದ್ದು ಬ್ಯಾಗಿಗೆ ಹಾಕಿಕೊಂಡಿದ್ದೆ. ಅದನ್ನೇ ಮುಂದಿಟ್ಟುಕೊಂಡು ಕೆಂಪು ಅಂಚಿನ ನೇರಳೆ ಖಣ ಕತ್ತರಿಸಿದೆ. ತೋಳಿಗೆ ಅಂಚು ಸರಿಯಾಗಿ ಕೂರಿಸಿದೆ, ಎದೆಯ ಉಬ್ಬಿಗೆ ಮಡಿಕೆಯಾಗಿ ಬಲಕ್ಕೆ ಎರಡು ಟಕ್ಸು, ಎಡಕ್ಕೆ ಎರಡು ಟಕ್ಸು ಹಿಡಿದೆ. ನನ್ನ ಜೀವಮಾನದಲ್ಲಿ ಅಷ್ಟು ನೀಟಾದ ಹೊಲಿಗೆ ನಾನು ಹಾಕಿಲ್ಲ.

ಹುಕ್ಕುಗಳಿಗೆ ಮನೆಯಲ್ಲಿ ವೇಳೆ ಸಿಗಲಿಲ್ಲ. ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ದಿನ ಮುಂಜಾನೆ ಬಸ್ಸು ಹತ್ತಿ, ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಕುಲಗೋಡದ ಬಸ್ಸು ಕಾಯುತ್ತ ಕಲ್ಲು ಬೆಂಚಿನ ಮೇಲೆ ಹುಕ್ಕು ಹಚ್ಚಿದೆ. ಬಾಜೂ ಕುಳಿತ ಮುದುಕಿಯೊಬ್ಬಳು ಒಂದೊಂದನ್ನೇ ಎತ್ತಿ ನೋಡಿ, "ಅಂಗಡಿ ಐತೇನ ಯವ್ವಾ?" ಎಂದಳು. ಇಲ್ಲ, ಮನೆಯವರಿಗೆ ಎಂದೆ. "ಹಂಗಾರ ನಿನ್ನಿ ಏನ ಮಾಡಾಕತ್ತಿದ್ದಿ?" ಎಂದು ಕೇಳಿದಳು.

ಕುಲಗೋಡ ತಲುಪಿದಾಗ ಮಧ್ಯಾಹ್ನ. ರೊಟ್ಟಿ ಹಬ್ಬವೆಂದರೆ ಓಣಿಯ ತುಂಬ ಎಳ್ಳು ಹಚ್ಚಿದ ಗರಿಗರಿ ಕಟಿ ರೊಟ್ಟಿ, ಪಲ್ಯ, ಚಟ್ನಿಗಳ ತಾಟುಗಳು ಮನೆಯಿಂದ ಮನೆಗೆ ಓಡಾಡುವ ದಿನ. ಅತ್ತೆ ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕುಳಿತಿದ್ದರು. ಕೆಲಸ ಮುಗಿಯುವತನಕ ಕಾದು, ಒಳಕೋಣೆಗೆ ಕರೆದು ಕುಬಸ ಕೊಟ್ಟೆ.

"ಹಾಕ್ಕೋರಿ ಅತ್ತಿ. ನಾಳೆ ಮುಂಜಾನೆ ಜೀಪ್ ಬರತೈತಿ."

ಖಣವನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಹೊರಗೆ ನಿಂತು, ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾದೆ. ಬಾಗಿಲು ತೆರೆದಾಗ ಅವರು ಮತ್ತೆ ಅಂಗಿಯಲ್ಲೇ ಇದ್ದರು. ಕುಬಸವನ್ನು ಮಡಚಿ ನನ್ನ ಕೈಗಿಟ್ಟರು.

"ಇದು ಆಕಿಗೆ ಹೊಲದೀಯವ್ವಾ. ನನಗಲ್ಲ."

ಯಾರಿಗೆ ಎಂದು ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ತಿಳಿಯಿತು. ಆ ಅಳತೆ ಕುಬಸ ಆಪರೇಶನ್ನಿಗಿಂತ ಎಷ್ಟೋ ವರ್ಷ ಹಿಂದಿನದು. ಎರಡೂ ಕಡೆ ತುಂಬಿದ್ದ ಹೆಂಗಸಿನದು. ಮಕ್ಕಳಿಗೆ ಅಳತೆಪಟ್ಟಿ ಹಿಡಿದು ಇಂಚು ಸೆಂಟಿಮೀಟರು ಕಲಿಸುವ ನಾನು, ಎರಡು ವರ್ಷದಿಂದ ಕಣ್ಣಮುಂದೆಯೇ ಇರುವ ಮೈಯನ್ನು ಬಿಟ್ಟು ಟ್ರಂಕಿನ ತಳವನ್ನು ನಂಬಿದ್ದೆ. ಎಡಗಡೆಯ ಎರಡು ಟಕ್ಸು ಅವರ ಎದೆಯ ಮೇಲೆ ಖಾಲಿ ಜೋಲಾಡಿರಬೇಕು. ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ನಾಳೆ ಬಂದ್ರ ಮೊಣಕಾಲ ನೋವಂತ ಹೇಳು," ಎಂದು ಅತ್ತೆ ಹೊರಳಿದರು.

"ನಾನು ಹೇಳೂದಿಲ್ರಿ," ಎಂದೆ. ಧ್ವನಿ ಜೋರಾಗಿಯೇ ಬಂತು. "ನಿಮ್ಮ ತಮ್ಮಗ ಹೆಂಡತಿ ಮ್ಯಾಲ ಸಂಶಯ ಬಂದೈತಿ. ಇದ ಕಡೀ ಸಲ ಅಂದಾರ. ಮುಂದ ಕರಿಯಾಕ ಬರೂದಿಲ್ಲಂತ. ತಪ್ಪು ನಂದು, ಅಳತಿ ತಗೋಬೇಕಾಗಿತ್ತು, ತಗೊಳ್ಳಿಲ್ಲ. ಈಗರ ಕೊಡ್ರಿ."

ಗಾಯಕ್ಕೆ ಪಟ್ಟಿ ಕಟ್ಟಿದ ದವಾಖಾನೆಯ ಹುಡುಗಿಯರನ್ನು ಬಿಟ್ಟರೆ ಆ ಮೈಯನ್ನು ಯಾರೂ ನೋಡಿರಲಿಲ್ಲ, ಮಾವನೂ. ನಾನು ಬೇಡಿದ್ದು ಸಣ್ಣದಲ್ಲ ಎಂದು ನನಗೂ ಗೊತ್ತಿತ್ತು. ಕಡೆಗೆ ಅತ್ತೆ ತಾವೇ ಹೋಗಿ ಚಿಲಕ ಹಾಕಿ ಬಂದು ಅಂಗಿಯ ಗುಂಡಿ ಬಿಚ್ಚಿದರು.

ಕಂಕುಳಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಒಂದು ಗೆರೆ. ಅಷ್ಟೇ. ನಾನು ಇನ್ನೂ ಏನೋ ಭಯಂಕರವಾದದ್ದನ್ನು ನೆನೆದುಕೊಂಡಿದ್ದೆ. ಟೇಪನ್ನು ತಲೆಕೆಳಗಾಗಿ ಹಿಡಿದುಕೊಂಡೆ. ಅದು ಅವರ ಕಣ್ಣಿಗೆ ಬಿತ್ತು.

"ಹೊಲಿಗಿ ಹೆಂಗ ಹಾಕ್ಯಾರ?" ಎಂದು ಕೇಳಿದರು.

"ನನಗಿಂತ ಚಲೋ ಹಾಕ್ಯಾರ್ರಿ," ಎಂದೆ.

ಅತ್ತೆ ನಕ್ಕುಬಿಟ್ಟರು. ಹೊರಗೆ ಬಾಗಿಲು ಬಡಿದ ಸದ್ದಾಯಿತು. "ಅಕ್ಕಾರ, ರೊಟ್ಟಿ ತಂದೇನಿ!" "ಕಟ್ಟಿ ಮ್ಯಾಲ ಇಟ್ಟ ಹೋಗವಾ," ಎಂದು ಒಳಗಿನಿಂದಲೇ ಕೂಗಿದರು. ನಾನು ಅಳತೆ ತೆಗೆದು ಮುಗಿಸುವಷ್ಟರಲ್ಲಿ ಹೀಗೆ ನಾಲ್ಕು ಮನೆಯ ರೊಟ್ಟಿ ಕಟ್ಟೆಯ ಮೇಲೆ ಬಂದು ಕೂತಿದ್ದವು.

ಕಂಕುಳಿನ ಕೆಳಗೆ ಹೊಲಿಗೆಯನ್ನು ಒಳಗೆ ಹಿಡಿಯಬೇಕಿತ್ತು. ಗೆರೆಗೆ ತಾಗುವಲ್ಲಿ ಮೆತ್ತನೆಯ ಬಟ್ಟೆ ಬೇಕಿತ್ತು. ಮಾವನ ಸವೆದ ಧೋತರದ ತುಂಡು ಸಿಕ್ಕಿತು. ಅದೇ ಬಟ್ಟೆಯಲ್ಲಿ ಎಡಗಡೆ ಒಳಗೊಂದು ಕಿಸೆ ಹೊಲಿದು, ಆ ಕಿಸೆಗೆ ಕೂರುವ ಒಂದು ದುಂಡು ದಿಂಬು ಮಾಡಿದರೆ ಆಯಿತು ಎಂದು ನನ್ನ ಲೆಕ್ಕ. ತುಂಬಲು ಹತ್ತಿ ಹಿಂಜತೊಡಗಿದೆ. ಅತ್ತೆ ನನ್ನ ಕೈಯಿಂದ ಹತ್ತಿ ಕಸಿದುಕೊಂಡರು.

"ಹತ್ತಿ ತುಂಬಿದ್ರ ಹಗುರಾಗತೈತಿ, ನಾ ನಡದಂಗ ಮ್ಯಾಲ ಏರತೈತಿ. ಕಡೀಕ ಕುತಗಿಗೆ ಬಂದ ಕೂಡತೈತಿ. ಸಾಸಿವಿ ತುಂಬು."

"ಸಾಸಿವಿ?"

"ಕೂಸಿನ ತಲಿದಿಂಬಿಗೆ ತುಂಬೂದಿಲ್ಲೇನು? ಹಂಗ."

ಹುಟ್ಟಿದ ಕೂಸಿನ ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ಸಣ್ಣ ದಿಂಬು ಹಾಕುತ್ತೇವೆ. ಓಣಿಯಲ್ಲಿ ಹುಟ್ಟಿದ ಮುಕ್ಕಾಲು ಮಕ್ಕಳಿಗೆ ಆ ದಿಂಬು ಹೊಲಿದುಕೊಟ್ಟವರು ಅತ್ತೆಯೇ. ಈಗ ಸೂಜಿಯನ್ನು ನನ್ನಿಂದ ಕಿತ್ತುಕೊಂಡು, ಕಾಲು ಚಾಚಿ ಕುಳಿತು, ದಿಂಬನ್ನು ತಾವೇ ಹೊಲಿದರು. "ನಿನ್ನ ಗಂಡಗೂ ಹೊಲದಿದ್ದೆ. ತಲಿ ದುಂಡಗ ಆತು. ಒಳಗ ಬುದ್ಧಿ ತುಂಬೂದು ನನ್ನ ಕೈಯಾಗ ಇರಲಿಲ್ಲ." ಒಂದೊಂದೇ ಹಿಡಿ ಸಾಸಿವೆ ಹಾಕಿ ಅಂಗೈಯಲ್ಲಿ ತೂಗಿ ನೋಡಿ, ಬಲಗಡೆಯದರ ಭಾರ ನೆನೆದು, ಮತ್ತಷ್ಟು ಹಾಕಿದರು. ಡಬ್ಬಿ ಬರಿದಾಯಿತು. ನಾನು ಪಕ್ಕದಲ್ಲಿ ಕುಳಿತು ಎಡಗಡೆಯ ಟಕ್ಸು ಬಿಚ್ಚಿ ಮತ್ತೆ ಹಿಡಿದೆ, ಕಿಸೆ ಹೊಲಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕುಬಸ ಮುಗಿಯಿತು.

ಮಾವ ಹೊಲದಿಂದ ಬಂದು ಉಣ್ಣಲು ಕುಳಿತರು. "ಬ್ಯಾಳಿಗೆ ಒಗ್ಗರಣ್ಯಾಗ ಸಾಸಿವಿನ ಇಲ್ಲಲಾ?" ಎಂದರು.

"ಹಬ್ಬಕ್ಕ ಬೇಕಾಗಿತ್ತು, ತೀರಿತು," ಎಂದರು ಅತ್ತೆ. ನಾನು ನೀರು ಕುಡಿಯುತ್ತಿದ್ದವಳು ನೆತ್ತಿಗೇರಿಸಿಕೊಂಡೆ. ಮಾವ ನಮ್ಮಿಬ್ಬರನ್ನೂ ನೋಡಿ, ಈ ಮನೆಯಲ್ಲಿ ತನಗೇನೂ ತಿಳಿಯುವುದಿಲ್ಲ ಎಂಬಂತೆ ತಲೆ ಆಡಿಸಿದರು.

ಮರುದಿನ ಜೀಪು ಬಂತು. ಅತ್ತೆಯ ತಮ್ಮ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಈ ಸಲದ ನೆವ ಏನೆಂದು ಕೇಳಲು ತಯಾರಾಗಿ ಬಂದಂತಿತ್ತು ಅವರ ಮುಖ. ಅತ್ತೆ ನೇರಳೆ ಕುಬಸ ತೊಟ್ಟು, ಇಳಕಲ್ಲ ಸೀರೆ ಉಟ್ಟು, ಶೇಂಗಾ ಉಂಡಿಯ ಡಬ್ಬಿ ಹಿಡಿದು ಹೊರಗೆ ಬಂದರು. "ನಡಿ, ಹೊತ್ತಾಗತೈತಿ," ಎಂದರು, ತಡ ಮಾಡಿದವನು ಅವನೇ ಎಂಬಂತೆ. ಆ ಮನುಷ್ಯ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ಡಬ್ಬಿ ಇಸಿದುಕೊಂಡರು. ಜೀಪು ಓಣಿ ದಾಟುವತನಕ ನಾನು ನಿಂತು ನೋಡಿದೆ. ಅಷ್ಟು ಖುಷಿ ನನಗೆ ನನ್ನ ತವರಿಗೆ ಹೋಗುವಾಗಲೂ ಆಗಿಲ್ಲ.

ಹಬ್ಬ ಮುಗಿಸಿ ನಾನು ಹುಕ್ಕೇರಿಗೆ ವಾಪಸಾದೆ. ಅತ್ತೆ ಮಮದಾಪುರದಲ್ಲೇ ಉಳಿದಿದ್ದರು. ನಾಲ್ಕನೆಯ ದಿನ ಶಾಲೆಯಲ್ಲಿದ್ದಾಗ ಅವರ ಫೋನು ಬಂತು. ತರಗತಿಯಲ್ಲಿ ಫೋನು ಎತ್ತುವವಳಲ್ಲ ನಾನು. ಏನಾಯಿತೋ ಎಂದು ಗಾಬರಿಯಾಗಿ ಹೊರಗೆ ಹೋಗಿ ಎತ್ತಿದೆ.

"ಕೈಯಾಗ ಪೆನ್ ಐತೇನು? ಬರಕೊ," ಎಂದರು. "ಇಲ್ಲಿ ಬಾಜೂ ಮನ್ಯಾಗ ಒಬ್ಬಾಕಿ ಅದಾಳ. ನನ್ನಕಿಂತ ಸಣ್ಣಾಕಿ. ಆಪರೇಶನ್ ಆಗಿ ಮೂರ ವರ್ಷಾತು, ಜೋಕಾಲಿ ಆಡಾಕ ಬರೂದಿಲ್ಲ, ನೀರಿಗೆ ಬರೂದಿಲ್ಲ. ಯಾರಿಗೂ ತೋರಿಸಿಲ್ಲ, ತಾಯಿಗೂ ತೋರಿಸಿಲ್ಲ. ಮೊದಲ ನಾನ ನಂದ ತೋರಿಸಿದೆ."

ನಾನು ಶಾಲೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕಣ್ಣು ತುಂಬಿ ಬಂದವು, ತಡೆಯಲು ಹೋಗಲಿಲ್ಲ.

"ಕೇಳಾಕತ್ತೀಯೇನ? ಅಳತಿ ನಾನ ತಗೊಂಡೇನಿ. ಟೇಪ್ ಇರಲಿಲ್ಲ, ದಾರದಲೆ ತಗೊಂಡು ಗಂಟ ಹಾಕಿ ಇಟ್ಟೇನಿ. ದಿಂಬು ನಾ ಹೊಲೀತೇನಿ, ಕುಬಸ ನೀ ಹೊಲಿ. ಹಬ್ಬದ ಹಂಗ ಕಡೀ ದಿನದತನಕ ಕುಂಡರಬ್ಯಾಡ."

ಯಾವ ಕಡೆ ಎಂದು ಕೇಳಿದೆ.

"ಬಲಕ್ಕ," ಎಂದರು.

ಬರೆದುಕೊಂಡೆ.