ಐದು ತಿಂಗಳು ಬಾಳಿಸಿದ ರಿಫಿಲ್

ಒಂದು ರಿಫಿಲ್ಲನ್ನು ಐದು ತಿಂಗಳು ಬಾಳಿಸಿದ ಹೆಂಗಸು ನಾನು. ಅದೂ ಎಂತಹ ರಿಫಿಲ್? ಮಾಮೂಲಿ ಬಾಲ್ ಪೆನ್ನಿನದ್ದಲ್ಲ, ಗಲ್ಫಿನಿಂದ ಬಂದ ದುಬಾರಿ ರೋಲರ್ ಪೆನ್ನಿನದ್ದು. ಒಳಗಿನ ಇಂಕು ನೀರಿನಷ್ಟು ತೆಳ್ಳಗೆ, ಮನಸ್ಸಿಗೆ ಬಂದ ಹಾಗೆ ಬರೆದರೆ ಮೂರು ವಾರಕ್ಕೆ ಖಾಲಿ. ಅದನ್ನು ಐದು ತಿಂಗಳು ಎಳೆದೆ ಎಂದು ಆ ಕಾಲದಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈಗ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವೆ ನನ್ನ ಗಂಡನ ಗಂಟಲಿಗೆ ಮಂಗಳೂರಿನಲ್ಲಿ ದೊಡ್ಡ ಆಪರೇಷನ್ ಆಯಿತು. ಕಾಯಿಲೆ ಹೋಯಿತು, ಅದರ ಜೊತೆಗೆ ಸ್ವರವೂ ಹೋಯಿತು. ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದ ಮನುಷ್ಯ ಅದು. ಪಾಣೆಮಂಗಳೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು ಬಸ್ಸು ಹತ್ತಿದರೆ, ಬೆಳ್ತಂಗಡಿ ಬರುವ ತನಕ ಪಕ್ಕದ ಸೀಟಿನವರಿಗೆ ಕಣ್ಣು ಮುಚ್ಚಲು ಬಿಡುತ್ತಿರಲಿಲ್ಲವಂತೆ. ಅಂಥವರ ಕುತ್ತಿಗೆಯಲ್ಲಿ ಈಗ ಉಸಿರಾಡಲು ಒಂದು ತೂತು, ಅದರ ಮೇಲೆ ನಾನು ತೆಳ್ಳನೆಯ ಮಲ್ ಬಟ್ಟೆಯಲ್ಲಿ ಹೊಲಿದು ಕಟ್ಟಿದ ಸಣ್ಣ ಪರದೆ. ನಾನು ಟೈಲರ್. ಮನೆಯ ಎದುರು ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದೆ. ಅಂತಹ ಪರದೆಗಳನ್ನು ಡಜನ್‌ಗಟ್ಟಲೆ ಹೊಲಿದೆ, ಒಂದೊಂದರ ಅಂಚಿಗೂ ಒಂದೊಂದು ಬಣ್ಣದ ನೂಲು ಹಾಕಿದೆ. ಅಳಲು ಬೇರೆ ಪುರುಸೊತ್ತು ಎಲ್ಲಿತ್ತು, ಹೊಲಿಯುತ್ತಲೇ ಅತ್ತೆ.

ಸ್ವರ ಹೋದವರು ಬರೆಯಬೇಕು, ಬೇರೆ ದಾರಿ ಉಂಟಾ? ಆದರೆ ಆಪರೇಷನ್ನಿನಲ್ಲಿ ಕುತ್ತಿಗೆಯ ನರಕ್ಕೂ ಕತ್ತರಿ ತಾಗಿ ಬಲಗೈ ಭುಜದಿಂದಲೇ ಸೋತಿತ್ತು. ಬಾಲ್ ಪೆನ್ನನ್ನು ಒತ್ತಿ ಬರೆಯಹೋದರೆ ಎರಡು ಸಾಲಿಗೆ ಕೈ ಜೋತು ಬೀಳುತ್ತಿತ್ತು. ಇಂಕ್ ಪೆನ್ನು ಕೊಟ್ಟು ನೋಡಿದೆ. ದಿಂಬಿಗೆ ಒರಗಿ ಬರೆಯುವಾಗ ಅದು ಸೋರಿ ಬನಿಯನ್, ಹೊದಿಕೆ ಎಲ್ಲ ನೀಲಿಯಾಯಿತು. ಸ್ಲೇಟು ತಂದೆ. ಬಳಪದ ಹುಡಿ ಕುತ್ತಿಗೆಯ ತೂತಿಗೆ ಹೋದರೆ ಏನು ಗತಿ ಎಂದು ಡಾಕ್ಟರು ನನ್ನನ್ನೇ ಗದರಿಸಿದರು. ಜೆಲ್ ಪೆನ್ನು ಎಂಬ ಹೆಸರನ್ನು ನಮ್ಮ ಕಡೆ ಆಗ ಯಾರೂ ಕೇಳಿರಲಿಲ್ಲ. ಹಾಗಾಗಿ ಮೊದಲ ಎರಡು ತಿಂಗಳು ಇವರು ಕಣ್ಣಿನಲ್ಲಿ ಕೇಳುವುದು, ನಾನು ಅಂದಾಜಿನಲ್ಲಿ ಉತ್ತರಿಸುವುದು ಆಗಿತ್ತು.

ಆಗ ಇವರನ್ನು ನೋಡಲು ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಬೆಳ್ತಂಗಡಿಯ ಬ್ಯಾರಿ ಮನೆಯವ, ದುಬೈಯಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದಿದ್ದ. ಇಡೀ ಶಾಲೆಯಲ್ಲಿ ಸರ್ ಕೈಯಿಂದ ಅತಿ ಹೆಚ್ಚು ಬೈಗುಳ ತಿಂದವನು ತಾನೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಜನ. ಕಿಸೆಯಿಂದ ಕಪ್ಪು ಪೆಟ್ಟಿಗೆಯೊಂದನ್ನು ತೆಗೆದ.

"ಸರ್, ಇದನ್ನು ಒತ್ತುದೇ ಬೇಡ. ಕಾಗದಕ್ಕೆ ಮುಟ್ಟಿಸಿದ್ರೆ ಸಾಕು, ಅದೇ ಹೋಗ್ತದೆ."

ಕರಿ ಮೈಯ, ಬೆಳ್ಳಿ ಬಣ್ಣದ ಕೊಕ್ಕೆಯ ಪೆನ್ನು. ಒಳಗೊಂದು ರಿಫಿಲ್, ಜೊತೆಗೆ ಇನ್ನೆರಡು. ಇವರು ಕಾಗದಕ್ಕೆ ತಾಗಿಸಿದ್ದೇ ತಡ, ಪೆನ್ನು ಓಡಿತು. ಬರೆದ ಮೊದಲ ವಾಕ್ಯ ನನಗೆ ಬಾಯಿಪಾಠ: ‘ಕತ್ತೆ, ಈಗಲಾದರೂ ಹೋಂವರ್ಕ್ ಮಾಡುತ್ತೀಯಾ?’ ಅವನು ಓದಿ ನಕ್ಕ, ನಕ್ಕವನೇ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ.

ಆ ಮೇಲಿನ ಮೂರು ವಾರ, ಅಬ್ಬಬ್ಬ, ಏನು ಮಾತು! ಮನೆಯಲ್ಲಿ ನಾವು ಆಡುವುದು ತುಳು. ಆದರೆ ಬರೆಯಲು ಕೂತರೆ ಇವರ ಕೈಗೆ ಬರುವುದು ಕನ್ನಡ, ಅದೂ ಪುಸ್ತಕದ ಕನ್ನಡ. ‘ಮಧ್ಯಾಹ್ನದ ಭೋಜನಕ್ಕೆ ಏನನ್ನು ಸಿದ್ಧಪಡಿಸಿರುವೆ?’ ಎಂದು ಬರೆದು ತೋರಿಸುತ್ತಿದ್ದರು. ‘ಬಂಗುಡೆ ಮೀನಿನ ಪುಳಿಮುಂಚಿಯನ್ನು ಸಿದ್ಧಪಡಿಸಿರುವೆನು, ಸ್ವಾಮಿ’ ಎಂದು ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಇದನ್ನು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆಡದಷ್ಟು ಸರಸ ಆ ಮೂರು ವಾರದಲ್ಲಿ ಆಡಿದೆವು. ನಾಲ್ಕನೆಯ ವಾರ ಪೆನ್ನು ಬರೀ ಗೀರಿತು, ಇಂಕು ಬರಲಿಲ್ಲ.

ನನಗೆ ಹೆದರಿಕೆ ಹತ್ತಿತು. ಇನ್ನು ಎರಡೇ ಎರಡು ರಿಫಿಲ್ ಉಂಟು, ಹುಡುಗ ದುಬೈಗೆ ವಾಪಸಾಗಿದ್ದಾನೆ. ತಂದುಕೊಟ್ಟವನಿಗೇ ಇನ್ನಷ್ಟು ಕಳಿಸು ಎಂದು ಬರೆಯುವುದಾದರೂ ಹೇಗೆ? ಹತ್ತಿರದ ಪೇಟೆ ಬಿ.ಸಿ. ರೋಡಿನ ಅಂಗಡಿಗಳಲ್ಲಿ ಖಾಲಿ ರಿಫಿಲ್ ತೋರಿಸಿದರೆ, ಇದು ಎಂತ ಎಂದು ನನ್ನನ್ನೇ ಕೇಳಿದರು. ಮೂಡುಬಿದಿರೆ ನನ್ನ ತವರು. ಅಲ್ಲಿ ಓದುವ ಮಕ್ಕಳು ಹೆಚ್ಚು, ಒಳ್ಳೆಯ ಪೆನ್ನಿನ ಅಂಗಡಿ ಉಂಟು ಎಂದು ಒಂದು ದಿನ ಬಸ್ಸು ಹತ್ತಿದೆ. ಅಂಗಡಿಯ ಮುದುಕರು ಕನ್ನಡಕ ಏರಿಸಿ, ರಿಫಿಲ್ಲನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಇದು ಇಲ್ಲಿ ಸಿಗುದಿಲ್ಲ ಅಮ್ಮ. ಮಂಗಳೂರಲ್ಲೂ ಸಂಶಯವೇ. ಇದ್ದದ್ದನ್ನು ಬಾಳಿಸುವ ಉಪಾಯ ಬೇಕಾದ್ರೆ ಹೇಳ್ತೇನೆ."

"ಹೇಳಿ ಮಾರಾಯ್ರೆ, ಅದಕ್ಕೇ ಬಂದದ್ದು."

"ಕ್ಯಾಪ್ ತೆಗೆದಿಟ್ಟು ಯೋಚನೆ ಮಾಡ್ಲಿಕ್ಕೆ ಬಿಡ್ಬೇಡಿ. ಈ ಇಂಕು ಗಾಳಿಗೆ ಒಣಗ್ತದೆ. ಬರೆದು ನಿಲ್ಲಿಸಿದ ಕೂಡ್ಲೆ ಕ್ಯಾಪ್ ಹಾಕ್ಬೇಕು, ಅದು ಟಕ್ ಅಂತ ಹೇಳ್ಬೇಕು. ಎಂತ ಕಾಗದದಲ್ಲಿ ಬರೀತಾರೆ?"

"ನಾನು ರವಿಕೆ ಕತ್ತರಿಸುವ ಕಂದು ಕಾಗದದಲ್ಲಿ."

"ಅಯ್ಯೋ ದೇವರೇ! ಅದು ಇಂಕು ಕುಡೀತದೆ. ನಯವಾದದ್ದು ಕೊಡಿ. ಹಳೇ ಕ್ಯಾಲೆಂಡರಿನ ಹಿಂಬದಿ ಆಗ್ತದೆ. ಒಣಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು, ಅಷ್ಟೇ. ಪೆನ್ನನ್ನು ಕಿಟಕಿಯ ಬಿಸಿಲಿಗೆ ಇಡ್ಬೇಡಿ, ಅಡ್ಡ ಮಲಗಿಸಿ ಇಡಿ. ಮೂತಿ ಒಣಗಿದ್ರೆ ಕೊಡಹುದು ಬೇಡ. ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಅದರ ಮೇಲೆ ಒಂದು ನಿಮಿಷ ಮೂತಿ ಇಟ್ಟು ಮತ್ತೆ ಮೆಲ್ಲ ಗೀಚಿ."

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣೆ. ಆದರೆ ನಾವು ಈ ಕಡೆಯವರು ಗಲ್ಫಿನ ಸಾಮಾನನ್ನು ಬಳಸುವ ಜನ ಅಲ್ಲ, ಇಡುವ ಜನ. ಫಾರಿನ್ ಸಾಬೂನು ಬಂದರೆ ಸೀರೆಗಳ ನಡುವೆ ಇಡುತ್ತೇವೆ, ಮೈಗೆ ಹಚ್ಚುವುದಿಲ್ಲ. ಟಾರ್ಚು ಬಂದರೆ ಕಪಾಟಿನಲ್ಲಿ, ಸೆಂಟು ಬಂದರೆ ಅದರ ಪೆಟ್ಟಿಗೆಯಲ್ಲೇ. ನೆಂಟರು ಬಂದಾಗ ತೆಗೆದು ತೋರಿಸಿ ಮತ್ತೆ ಒಳಗೆ. ನನ್ನ ಅಮ್ಮ ಹಾಗೆ, ನಾನೂ ಹಾಗೆ. ರಿಫಿಲ್ಲಿನ ಮೇಲೂ ಅದೇ ಬುದ್ಧಿ ಓಡಿಸಿದೆ.

ಮೂಡುಬಿದಿರೆಯವರ ಉಪಾಯಗಳಿಗೆ ನನ್ನದನ್ನು ಸೇರಿಸಿದೆ. ನೀರು ಬೇಕಾದರೆ ಲೋಟಕ್ಕೆ ಚಮಚದಲ್ಲಿ ಒಂದು ಪೆಟ್ಟು, ಕಾಫಿಗೆ ಎರಡು. ಹೌದಕ್ಕೆ ತಲೆ, ಇಲ್ಲಕ್ಕೆ ಕೈ. ಅದಕ್ಕೂ ಮೀರಿದ್ದನ್ನು ಮಾತ್ರ ಬರೆಯುವುದು, ಅದೂ ಒಂದೇ ಶಬ್ದದಲ್ಲಿ. ಇವರು ವಾಕ್ಯ ಶುರು ಮಾಡಿದರೆ ನಾನು ಹೆಗಲ ಮೇಲಿಂದ ಬಗ್ಗಿ, "ಗೊತ್ತಾಯ್ತು, ಗೊತ್ತಾಯ್ತು, ಸಾಕು" ಎನ್ನುತ್ತಿದ್ದೆ. ನಡುವೆ ಪೆನ್ನೆತ್ತಿ ಒಂದು ಗಳಿಗೆ ಯೋಚಿಸಿದರೆ ಮೆಷಿನಿನ ಹತ್ತಿರದಿಂದಲೇ "ಕ್ಯಾಪ್!" ಎಂದು ಬೊಬ್ಬೆ ಹಾಕುತ್ತಿದ್ದೆ. ಇವರು ಟಕ್ ಎಂದು ಮುಚ್ಚುತ್ತಿದ್ದರು. ಒಂದು ದಿನವೂ ಎದುರಾಡಲಿಲ್ಲ. ಎದುರಾಡಲು ಇಂಕು ಬೇಕಲ್ಲ, ಅದು ನನ್ನ ಮಂಡೆಗೆ ಹೋಗಲೇ ಇಲ್ಲ.

ಎರಡನೆಯ ರಿಫಿಲ್ ಐದು ತಿಂಗಳು ಬಂತು. ಮೂರನೆಯದು ಅದಕ್ಕಿಂತ ನಿಧಾನ. ಬೆಳ್ತಂಗಡಿಯಿಂದ ಇವರ ಜೊತೆಯ ಮಾಸ್ತರರು ನೋಡಲು ಬಂದಾಗಲೆಲ್ಲ ನಾನು ಪೆನ್ನು ಬಿಚ್ಚಿ ತೋರಿಸುತ್ತಿದ್ದೆ. ಸರ್ ಈಗ ತುಂಬ ಸಾಧು ಆಗಿದ್ದಾರೆ ಎಂದು ಅವರು ಹೇಳಿದರೆ, ಕಾಯಿಲೆ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂದು ನಾನೂ ತಲೆಯಾಡಿಸಿದೆ.

ವರ್ಷದ ಮೇಲೆ ದುಬೈಯವನು ಮತ್ತೆ ರಜೆಯಲ್ಲಿ ಬಂದ. ಈ ಸಲ ಇಡೀ ಒಂದು ಪ್ಯಾಕೆಟ್ ರಿಫಿಲ್ ತಂದಿದ್ದ.

"ನೀನು ಕೊಟ್ಟದ್ದೇ ಮುಗಿದಿಲ್ಲ ಮಾರಾಯ. ಮೂರನೆಯದರಲ್ಲಿ ಇನ್ನೂ ಅರ್ಧ ಉಂಟು, ನೋಡು," ಎಂದು ಹೆಮ್ಮೆಯಿಂದ ತೋರಿಸಿದೆ.

ಅವನು ಇವರ ಹತ್ತಿರ ಒಂದು ಗಂಟೆ ಕೂತ. ತನ್ನ ಕೆಲಸ, ಅಲ್ಲಿನ ಬಿಸಿಲು, ಮಗಳು ಶಾಲೆಗೆ ಸೇರಿದ್ದು, ಎಲ್ಲ ಹೇಳಿದ. ಆಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಮೆಷಿನಿನ ಹತ್ತಿರ ಬಂದು ಸಣ್ಣ ಸ್ವರದಲ್ಲಿ ಕೇಳಿದ:

"ಅಕ್ಕ, ಸರ್‌ಗೆ ನನ್ನ ಮೇಲೆ ಬೇಜಾರುಂಟಾ?"

"ಇಲ್ಲಪ್ಪ. ಯಾಕೆ?"

"ಒಂದು ಗಂಟೆ ಕೂತೆ. ಒಂದು ಸಲವೂ ಬೈಲಿಲ್ಲ."

ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಕಳಿಸಿ, ರವಿಕೆ ಕತ್ತರಿಸಲು ಕೂತೆ. ನಾವು ಟೈಲರ್‌ಗಳು ಕಾಗದ ಬಿಸಾಡುವುದಿಲ್ಲ. ಇವರು ಬರೆದ ಹಾಳೆಗಳಲ್ಲೇ ತೋಳು, ಬೆನ್ನು, ಕತ್ತಿನ ಮಾದರಿ ಕತ್ತರಿಸಿ ಗೋಡೆಯ ಮೊಳೆಗೆ ಸಿಕ್ಕಿಸಿಡುತ್ತಿದ್ದೆ. ಆ ದಿನ ಅಡಿಯಲ್ಲಿದ್ದ ಹಳೆಯ ತೋಳೊಂದು ಕೈಗೆ ಬಂತು. ಕಂದು ಕಾಗದ, ಮೊದಲ ಮೂರು ವಾರದ್ದು. ತೋಳಿನ ತುಂಬ ಇವರ ಮಾತು: ‘ಈಗ ಬಂದ ಹೆಂಗಸು ಹೋದ ತಿಂಗಳೂ ಅಳತೆ ಕೊಟ್ಟಿದ್ದಳಲ್ಲವೇ? ತಿಂಗಳಿಗೊಮ್ಮೆ ಅಳತೆ ಬದಲಾಗುವುದೇ, ಅಥವಾ ನಿನ್ನ ಕಾಫಿ ಕುಡಿಯಲು ಬರುವಳೇ?’ ಒಂದು ಬೆನ್ನಿನ ತುಂಡಿನಲ್ಲಿ ಜಗಳವೇ ಇತ್ತು, ಉಪ್ಪಿನಕಾಯಿ ಭರಣಿಯನ್ನು ಯಾರು ತೆರೆದಿಟ್ಟದ್ದು ಎಂದು. ಅರ್ಧ ಜಗಳ ನನ್ನ ಕತ್ತರಿಗೆ ಹೋಗಿತ್ತು.

ಮೇಲಿದ್ದವುಗಳನ್ನು ತಿರುಗಿಸಿದೆ. ಕ್ಯಾಲೆಂಡರಿನ ನಯವಾದ ಹಾಳೆಗಳು. ಒಂದರಲ್ಲಿ ‘ಫ್ಯಾನ್.’ ಒಂದರಲ್ಲಿ ‘ಸಾಕು.’ ‘ಸರಿ.’ ‘ಸರಿ.’ ‘ಬೇಡ.’ ಉಳಿದದ್ದೆಲ್ಲ ಬಿಳಿ. ನಾನು ವರ್ಷವಿಡೀ ಜಂಬ ಕೊಚ್ಚಿಕೊಂಡದ್ದು ಇದಕ್ಕೆ. ಡಾಕ್ಟರು ಸ್ವರ ತೆಗೆದರು, ಸಿಕ್ಕಿದ ಮಾತನ್ನು ನಾನು ಕಪಾಟಿನಲ್ಲಿಟ್ಟೆ. ನನ್ನ ಮೇಲೆ ನನಗೇ ಎಂತಹ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕೆ ಎಸೆದೆ. ಆ ಶಬ್ದಕ್ಕೆ ಒಳಗಿನಿಂದ ಲೋಟಕ್ಕೆ ಚಮಚ ಬಡಿದದ್ದು ಕೇಳಿತು. ಏನಾಯಿತು ಎಂದು ಕೇಳುವುದಕ್ಕೂ ಅದೇ ಚಮಚ.

ಪ್ಯಾಕೆಟ್ ಹಿಡಿದು ಒಳಗೆ ಹೋದೆ. ಅರ್ಧ ಉಳಿದಿದ್ದ ರಿಫಿಲ್ಲನ್ನು ತೆಗೆದು ಹೊಸತನ್ನು ಹಾಕಿದೆ. ಪೆನ್ನು ಇವರ ಕೈಗೆ ಕೊಟ್ಟು, ಕ್ಯಾಪನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಕ್ಯಾಪ್ ಕೊಡುದಿಲ್ಲ. ಬರೆಯದಿದ್ರೆ ಒಣಗಿ ಹೋಗ್ತದೆ. ಬರೀರಿ."

ಇವರು ಪೆನ್ನನ್ನು ಕಾಗದದ ಮೇಲೆ ಹಿಡಿದು ನನ್ನನ್ನು ನೋಡಿದರು. ಬೊಬ್ಬೆ ಬೀಳುವುದನ್ನು ಕಾಯುತ್ತಿದ್ದರು. ಆ ನೋಟ ನೋಡಿ ನನಗೆ ತಡೆಯಲಾಗಲಿಲ್ಲ, ಮಂಚದ ಅಂಚಿನಲ್ಲಿ ಕೂತು ಗಳಗಳನೆ ಅತ್ತುಬಿಟ್ಟೆ. ತುಸು ಹೊತ್ತಿಗೆ ಹಾಳೆ ನನ್ನ ಮಡಿಲಿಗೆ ಬಂತು: ‘ಅಳಬೇಡ. ಏನು ಬರೆಯಲಿ? ಅಭ್ಯಾಸ ತಪ್ಪಿದೆ.’

"ಎಂತ ಬೇಕಾದ್ರೂ. ಬರೀಲಿಕ್ಕೆ ಆಗದೆ ಬಿಟ್ಟದ್ದು ಉಂಟಲ್ಲ, ಅದನ್ನು ಬರೀರಿ. ನನ್ನನ್ನು ಬೈದಾದ್ರೂ ಬರೀರಿ."

ಬರೆದರು. ಕೈ ಜೋತು ಬೀಳಲಿಲ್ಲ. ನಡುನಡುವೆ ಪೆನ್ನೆತ್ತಿ ಬೇಕಾದಷ್ಟು ಹೊತ್ತು ಯೋಚಿಸಿದರು, ನಾನು ತುಟಿಪಿಟಿಕ್ಕೆನ್ನಲಿಲ್ಲ. ಹಾಳೆ ತುಂಬಿದ ಮೇಲೆ, ಒಣಗಲಿ ಎಂದು ಬಾಯಲ್ಲಿ ಊದಲು ಹೋಗಿ, ಊದಲು ತನ್ನಿಂದಾಗದೆಂದು ನೆನಪಾಗಿ ಸುಮ್ಮನೆ ನಕ್ಕು ಕೊಟ್ಟರು. ನಾನೇ ಊದಿ ಓದಿದೆ.

‘ಪ್ರತಿ ಮಾತನ್ನೂ ಬರೆಯುವ ಮೊದಲು ಇದು ಬೇಕೋ ಬೇಡವೋ ಎಂದು ನೋಡುತ್ತಿದ್ದೆ. ಔಷಧಿ ಬೇಕಾದ ಮಾತು. ಫ್ಯಾನು ಬೇಕಾದ ಮಾತು. ಉಳಿದದ್ದು ಇಂಕಿಗೆ ದಂಡ ಎಂದು ಬಿಟ್ಟೆ. ಹಾಗೆ ಬಿಟ್ಟದ್ದರಲ್ಲಿ ಒಂದನ್ನು ಈಗ ಬರೆಯುತ್ತೇನೆ. ಆಪರೇಷನ್ ಮುಗಿದು ಕಣ್ಣು ಬಿಡುವ ಮೊದಲು ನನಗೆ ಕೇಳಿಸಿದ್ದು ನಿನ್ನ ಸ್ವರ. ಬಾಗಿಲ ಹೊರಗೆ ನೀನು ನರ್ಸಿನೊಡನೆ ಜಗಳವಾಡುತ್ತಿದ್ದೆ. ನಾನು ಬದುಕಿದ್ದೇನೆ ಎಂದು ನನಗೆ ಗೊತ್ತಾದದ್ದು ಆಗ. ಈಗಲೂ ಬೆಳಿಗ್ಗೆ ಎಚ್ಚರವಾದರೆ, ನೀನು ಯಾರನ್ನಾದರೂ ಬೈಯುವುದು ಕೇಳುವ ತನಕ ನಾನು ಕಣ್ಣು ತೆರೆಯುವುದಿಲ್ಲ.’

ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಇನ್ನೊಂದು ಹಾಳೆಯನ್ನು ಇವರ ತೊಡೆಯ ಮೇಲೆ ಇಟ್ಟೆ.

"ತಪ್ಪು ಆ ನರ್ಸಿನದ್ದೇ," ಎಂದೆ. "ಅದನ್ನೂ ಬರೀರಿ."