ಆರು ನಟ್ಟು, ಆರು ಬಣ್ಣ

ಆ ಶನಿವಾರ ಸಂಜೆ ನಮ್ಮ ಮನೆಯವರು ಮಾಗಡಿಯ ಅಂಗಡಿಗೆ ಬೊಂಬೆ ಕೊಟ್ಟು ಚನ್ನಪಟ್ಟಣಕ್ಕೆ ವಾಪಸು ಬಂದಾಗ, ಕಾರಿಗಿಂತ ಮೊದಲು ಅದರ ಸದ್ದು ಬೀದಿಗೆ ಬಂತು. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆ, "ಬಂದ ನೋಡವ್ವ, ರಾಗಿ ಮಿಷಿನ್ ಹೊತ್ಕೊಂಡು" ಎಂದರು. ಇವರು ನಗುತ್ತಲೇ ಬಾನೆಟ್ ಎತ್ತಿ, ಎಂಜಿನ್ನಿಗೆ ಹೊಗೆ ಕೊಳವೆ ಕೂಡುವ ಜಾಗ ತೋರಿಸಿದರು. ಅಲ್ಲಿ ಮಸಿ ಗೆರೆ ಕಟ್ಟಿತ್ತು.

"ಗ್ಯಾಸ್ಕೆಟ್ ಹೋಗೈತೆ. ನಾಳೆ ಬಿಚ್ತೀನಿ," ಎಂದು ಕಾಗದದಲ್ಲಿ ಸುತ್ತಿದ್ದ ಎರಡು ಹೊಸ ಗ್ಯಾಸ್ಕೆಟ್ ತಂದು ಗೂಡಿನಲ್ಲಿಟ್ಟರು.

"ಎರಡ್ಯಾಕೆ?"

"ಒಂದು ಹಾಕಕ್ಕೆ, ಇನ್ನೊಂದು ಹಾಳ್ಮಾಡಕ್ಕೆ."

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಎದೆ ಒತ್ತಿಕೊಂಡರು. ರಾಮನಗರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಕಾರು ಎರಡು ತಿಂಗಳು ಹಾಗೇ ಇತ್ತು. ಅತ್ತೆಗೆ ಉಬ್ಬಸ. ಹದಿನೈದು ದಿನಕ್ಕೊಮ್ಮೆ ರಾಮನಗರದ ಡಾಕ್ಟರಿಗೆ ತೋರಿಸಬೇಕು. ಬಸ್ಸಿನ ಮೆಟ್ಟಿಲು ಅವರಿಗೆ ಹತ್ತಲಾಗುವುದಿಲ್ಲ. ಬಾಡಿಗೆ ಆಟೋಗೆ ದುಡ್ಡು ಸುರಿದು ಸಾಕಾಗಿ ಮೈದುನ ಕಾರು ತೆಗೆದ. ಸೋರುವ ಹೊಗೆ ಒಳಗೇ ನುಗ್ಗಿ, ಅತ್ತೆ ದಾರಿಯುದ್ದಕ್ಕೂ ಕೆಮ್ಮಿದರು. ಮನೆಗೆ ಬಂದ ಮೇಲೆ ಮೈದುನ ಹೇಳಿದ: "ಅತ್ತಿಗೆ, ಈ ಗಾಡೀಲಿ ಅವ್ವನ್ನ ಕರ್ಕೊಂಡು ಓಡಾಡೋದು ಒಂದೇ, ಒಲೆ ಮುಂದೆ ಕೂರ್ಸೋದು ಒಂದೇ. ಸೋಮ್ವಾರ ಗುಜರಿಯವ್ನು ಬತ್ತಾನೆ, ಕೊಟ್ಬುಡನ."

ಅವನ ಮಾತು ತಪ್ಪಲ್ಲ. ಆದರೆ ಆ ಕಾರಿಗೆ ನಮ್ಮ ಮನೆಯವರು ಬೇರೆ ಯಾರ ಕೈಯನ್ನೂ ತಾಗಿಸಿರಲಿಲ್ಲ. ಅದು ಚೂರುಚೂರಾಗಿ ಹೋಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. "ಭಾನುವಾರದ ತನಕ ಬುಡು. ಸರಿ ಹೋಗ್ಲಿಲ್ಲ ಅಂದ್ರೆ ಕೊಡು," ಎಂದೆ. ಅವನು ಕಾರಿನ ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಹೋದ.

ನನಗೆ ಗೊತ್ತಿದ್ದ ಗ್ಯಾಸ್ಕೆಟ್ ಕುಕ್ಕರಿನದು ಮಾತ್ರ. ಗೂಡಿನಿಂದ ಕಾಗದ ಬಿಚ್ಚಿ ನೋಡಿದೆ. ತೆಳುವಾದ ತಗಡಿನಂಥ ಪಟ್ಟಿ, ನಡುವೆ ತೂತುಗಳು. ಬೆರಳಿನಲ್ಲಿ ಬಗ್ಗಿಸಿದರೆ ಬಗ್ಗುತ್ತದೆ. ಕೈ ಸುಡುವ ಹೊಗೆಯನ್ನು ಇಷ್ಟು ತೆಳುವಾದದ್ದು ಹೇಗೆ ತಡೆದೀತು ಎಂದು ತುಂಬಾ ಹೊತ್ತು ಯೋಚಿಸಿದೆ. ಇಪ್ಪತ್ತು ವರ್ಷ ಅವರ ಪಕ್ಕ ನಿಂತು ಸ್ಪ್ಯಾನರ್ ಎತ್ತಿಕೊಟ್ಟಿದ್ದೇನೆ. ಒಮ್ಮೆಯೂ ಇದನ್ನು ಕೇಳಬೇಕೆನಿಸಿರಲಿಲ್ಲ.

ಸ್ಪ್ಯಾನರಿನ ಡಬ್ಬದಲ್ಲಿ ಒಂದು ಹಲಗೆ ಸಿಕ್ಕಿತು. ಬೊಂಬೆಗೆ ಬಳಸುವ ಆಲೆ ಮರದ್ದು, ಅವರೇ ಮಾಡಿದ್ದು. ಅದರ ಮೇಲೆ ಆರು ಗೂಟ, ಒಂದೊಂದಕ್ಕೂ ಒಂದೊಂದು ಅರಗಿನ ಬಣ್ಣ. ಮಕ್ಕಳು ಬಳೆ ಸಿಕ್ಕಿಸಿ ಆಡುವ ಆಟಿಕೆಯ ಹಾಗಿತ್ತು. ಹೊಗೆ ಕೊಳವೆಗೂ ಆರು ನಟ್ಟು. ಗೂಟಗಳು ನಿಂತ ಜಾಗವೂ ನಟ್ಟುಗಳ ಜಾಗವೂ ಒಂದೇ. ಬಿಚ್ಚಿದ ನಟ್ಟು ಅದಲುಬದಲಾಗದಂತೆ ಸಿಕ್ಕಿಸಿಡಲು ಮಾಡಿಕೊಂಡದ್ದು ಎಂದು ತಿಳಿಯಿತು. ಬಣ್ಣ ಅಂದಕ್ಕೆ ಎಂದುಕೊಂಡೆ. ಬೊಂಬೆ ಮಾಡುವವರ ಮನೆಯಲ್ಲಿ ಲಟ್ಟಣಿಗೆಗೂ ಬಣ್ಣವಿರುತ್ತದೆ.

ಶುಕ್ರವಾರ ಸಂಜೆ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ನೆನೆಸಿದೆ. ಶನಿವಾರ ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿದೆ. ಹಳೆಯ ಗ್ಯಾಸ್ಕೆಟ್ ಅಂಚಿನಲ್ಲಿ ಸುಟ್ಟು ಹಪ್ಪಳವಾಗಿತ್ತು. ಅದು ಕೂತಿದ್ದ ಜಾಗದ ಕರಿಯನ್ನೆಲ್ಲ ಕೆರೆದು, ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಇಟ್ಟು, ಎಡಗಡೆಯ ಕೊನೆಯಿಂದ ಒಂದೊಂದೇ ನಟ್ಟನ್ನು ಬಿಗಿ ಮಾಡುತ್ತ ಬಲಕ್ಕೆ ಹೋದೆ. ಪೆಟ್ಟಿಗೆಗೆ ಬೊಂಬೆ ತುಂಬುವುದೂ ಹಾಗೆಯೇ ಅಲ್ಲವೇ.

ಮೈದುನ ಸ್ಟಾರ್ಟ್ ಮಾಡಿದ. ಪಟಪಟ ಸದ್ದು ಹೋಗಿರಲಿಲ್ಲ. ಕೊಳವೆ ಕೂಡುವ ಜಾಗಕ್ಕೆ ತೆಳು ಕಾಗದದ ತುಂಡು ಹಿಡಿದು ನೋಡಿದೆ. ಎಡಗಡೆ ಅಲುಗಲಿಲ್ಲ, ಬಲಗಡೆ ಪಟಪಟ ಹೊಡೆದುಕೊಂಡಿತು. ಆರಿದ ಮೇಲೆ ಬಿಚ್ಚಿದರೆ, ಗ್ಯಾಸ್ಕೆಟ್ ಒಂದು ಕಡೆ ಜಜ್ಜಿಹೋಗಿ ಇನ್ನೊಂದು ಕಡೆ ಹಾಗೇ ಇತ್ತು. ಉಳಿದದ್ದು ಒಂದೇ.

ಭಾನುವಾರ ಅದನ್ನಿಟ್ಟು, ಎಡಗಡೆಯ ಕೊನೆಯ ಕಪ್ಪು ಗೂಟದಿಂದ ನಟ್ಟು ತೆಗೆಯುತ್ತಿದ್ದಾಗ ಪಕ್ಕದ ಮನೆಯ ಭಾಯ್ ಬಂದು ನಿಂತರು. ಅವರೂ ಬೊಂಬೆ ಕೆಲಸದವರೇ. ನಮ್ಮ ಮನೆಯವರ ಜೊತೆ ಕೆಲಸ ಕಲಿತವರು.

"ಏನಕ್ಕಾ, ಬೊಂಬೆ ಬುಟ್ಟು ಕಾರಿಗೆ ಕೈ ಹಾಕ್ಬುಟ್ಟಿದೀರ?"

ಜಗಲಿಯಿಂದ ಅತ್ತೆ, "ನಂಗೆ ಕೆಮ್ಮು ಬಂದ್ರೆ ಇವ್ಳು ಕಾರಿಗೆ ಔಷ್ದಿ ಮಾಡ್ತಾಳೆ ಕಣಪ್ಪ," ಎಂದರು.

ಭಾಯ್ ನಗುತ್ತ ಹಲಗೆ ನೋಡಿದರು. ನಗು ನಿಂತಿತು. "ಅಲ್ಲಕ್ಕಾ, ಯಾರಾದ್ರೂ ಕಪ್ಪಿಂದ ಶುರು ಮಾಡ್ತಾರಾ? ಹಳ್ದಿ ಮುಗ್ಸದೆ ಕಪ್ಪು ಮುಟ್ಟಿದ್ರೆ ನಮ್ಮ ಉಸ್ತಾದ್ ಕೈ ಮೇಲೆ ಹೊಡೀತಿದ್ರು. ನಿಮ್ಮ ಯಜಮಾನ್ರೂ ತಿಂದವ್ರೆ ಏಟು."

ನಾನು ನಟ್ಟು ಹಿಡಿದುಕೊಂಡೇ ನಿಂತೆ. ತಿರುಗುವ ಬೊಂಬೆಗೆ ಅರಗು ಒತ್ತಿ ಹಚ್ಚುವಾಗ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಇಲ್ಲದಿದ್ದರೆ ಕಪ್ಪಿನ ಚೂರು ಹಳದಿಗೆ ಹತ್ತಿ ಬೊಂಬೆ ಹಾಳು. ಇದು ನನಗೂ ಗೊತ್ತಿತ್ತು. ಹಲಗೆಯಲ್ಲಿ ಹಳದಿ ಮತ್ತು ಕಿತ್ತಳೆ ನಟ್ಟನಡುವೆ ಇದ್ದವು. ಅವುಗಳ ಆಚೀಚೆ ಕೆಂಪು, ಹಸಿರು. ಎರಡು ಕೊನೆಗಳಲ್ಲಿ ಊದಾ ಮತ್ತು ಕಪ್ಪು.

ಹಳದಿಯಿಂದ ಶುರು ಮಾಡಿದೆ. ಒಂದೇ ಸಲಕ್ಕೆ ಬಿಗಿ ಮಾಡಲಿಲ್ಲ. ಅರಗನ್ನೂ ಒಂದೇ ಸಲಕ್ಕೆ ಒತ್ತುವುದಿಲ್ಲ. ಒಸಿ ಒಸಿಯಾಗಿ ಮೂರು ಸುತ್ತು, ಪ್ರತಿ ಸಲವೂ ನಡುವಿನಿಂದ ಹೊರಕ್ಕೆ. ಗ್ಯಾಸ್ಕೆಟ್ ಸಮವಾಗಿ ಕೂರುವುದು ಕೈಗೇ ತಿಳಿಯಿತು. ಅವರು ಎಂಜಿನ್ ಕೆಲಸವನ್ನು ಬೊಂಬೆಯ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದರು. ನಡುವಿನಿಂದ ಹೊರಕ್ಕೆ ಎಂದು ಅವರಿಗೆ ಹೇಳಿಕೊಟ್ಟವರು ಯಾರೋ, ಅಥವಾ ಅವರೂ ನನ್ನ ಹಾಗೆ ಒಂದು ಹಾಳು ಮಾಡಿ ಕಲಿತರೋ.

ಈ ಸಲ ಕಾಗದ ಎಲ್ಲಿಯೂ ಅಲುಗಲಿಲ್ಲ. ಮೈದುನ ಬಗ್ಗಿ, ಕಿವಿಗೊಟ್ಟು, "ಎಂಜಿನ್ ಓಡ್ತಾ ಐತಾ ಅತ್ತಿಗೆ?" ಎಂದ. ಗುಜರಿಯವನಿಗೆ ಅಲ್ಲಿಂದಲೇ ಫೋನ್ ಮಾಡಿ ಬರಬೇಡ ಎಂದ. ಭಾಯ್ ಕಾರಿನ ತಲೆ ತಟ್ಟಿ ಹೋದರು.

ಈಗ ಹದಿನೈದು ದಿನಕ್ಕೊಮ್ಮೆ ಕಿಟಕಿ ಏರಿಸಿಕೊಂಡು ರಾಮನಗರಕ್ಕೆ ಹೋಗುತ್ತೇವೆ. ಅತ್ತೆ ಒಂದೊಂದು ಸಲ ನಿದ್ದೆಯನ್ನೂ ಮಾಡುತ್ತಾರೆ. ಮೈದುನ ಕುಳ್ಳ. ಪೆಡಲ್ ಎಟುಕದೆ ಸೀಟನ್ನು ಪೂರಾ ಮುಂದಕ್ಕೆ ಎಳೆದುಕೊಂಡಿದ್ದಾನೆ. ಅದನ್ನು ಹಿಂದಕ್ಕೆ ತಳ್ಳಿ ಕೂರುವಷ್ಟು ಉದ್ದ ಕಾಲಿನವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.