ಮೊದಲು ನೀರು ಕೇಳು

ಊರೂರು ತಿರುಗಿ ಸೀರೆ ಮಾರುವವನಿಗೆ ಇರಬಾರದ ರೋಗವೊಂದು ಶಿರಾದ ನಸ್ರುಲ್ಲಾನಿಗಿತ್ತು. ಗುರುತಿಲ್ಲದ ಬಾಗಿಲು ಕಂಡರೆ ಅವನ ನಾಲಿಗೆ ಒಣಗುತ್ತಿತ್ತು. ಹೊತ್ತ ಗಂಟನ್ನು ಬಿಚ್ಚದೆಯೇ ವಾಪಸು ತರುತ್ತಿದ್ದ. ಕೇಳಿದರೆ, “ಮನೇಲಿ ಯಾರೂ ಇರ್ಲಿಲ್ಲ” ಎನ್ನುವುದು. ಊರಿಗೆ ಊರೇ ಗುಳೆ ಹೋಗಿತ್ತೇನೋ!

ಅವನಿಗೆ ಮಾಲು ಕೊಡುತ್ತಿದ್ದ ಜವಳಿ ಅಂಗಡಿಯ ನಂದೀಶ್ವರಯ್ಯ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. “ಸೀರೆ ಅನ್ನಬ್ಯಾಡ ಕಣೋ. ಮೊದ್ಲು ನೀರು ಕೇಳು. ನೀರು ಕೊಟ್ಟೋರು ಆಚೆ ನಡಿ ಅನ್ನಾಕಿಲ್ಲ.” ಅಪ್ಪನಿಲ್ಲದ ನಸ್ರುಲ್ಲಾನಿಗೆ ಅದು ಅಪ್ಪ ಹೇಳಿದಷ್ಟೇ ಹಿತವಾಗಿ ಕೇಳಿಸಿತು.

ಮನೆಯಲ್ಲಿ ತಾಲೀಮು ನಡೆಯಿತು. ಉರ್ದು ಆಡುವ ಹೆಂಡತಿ ಚಾಂದ್ ಬಿ ಬಾಗಿಲು ಹಾಕಿಕೊಂಡು ಕನ್ನಡದ ಗೌಡತಿಯಾಗಿ ಗದರುವಳು: “ಯಾರಯ್ಯ ಅದು? ಏನೂ ಬ್ಯಾಡ, ನಡಿ!” ಇವನು ಹೊರಗೆ ನಿಂತು, “ಅಕ್ಕಾ, ಒಂದೀಟು ನೀರು...” ಎನ್ನುವನು. ನಗು ತಡೆಯಲಾರದೆ ಅವಳೇ ಬಾಗಿಲು ತೆಗೆಯುವಳು. ಹೊಸ ಮಾಲು ಬಂದರೆ ಸೆರಗಿನ ತುದಿ ನೆನೆಸಿ, ಬಣ್ಣ ನಿಂತರೆ ಮಾತ್ರ ಗಂಟು ಕಟ್ಟಿಕೊಡುವುದು ಅವಳ ಹಟ. ಕಣ್ಣಾರೆ ಕಂಡಿದ್ದನ್ನು ಹೇಳುವಾಗ ಇವನ ನಾಲಿಗೆಗೂ ಧೈರ್ಯ ಬಂತು.

ಕೊಳಾಲದಲ್ಲಿ ಮೊದಲು ಬಾಗಿಲು ತೆಗೆದವಳು ಮಾರಕ್ಕ. ಜಗಲಿಯ ಕೆಳಗೆ ಬೊಗಸೆಯೊಡ್ಡಿ ನಿಂತವನಿಗೆ ಮೇಲಿನಿಂದ ನೀರು ಹೊಯ್ದಳು, ಆಮೇಲೆ ಸೀರೆಯನ್ನೂ ಕೊಂಡಳು. ಅವಳು ಉಟ್ಟಿದ್ದು ನೋಡಿ ಕೇರಿಯೇ ಕೊಂಡಿತು. ಬರಬರುತ್ತ “ಸಾಬ್ರು ಬಂದ್ರು” ಎಂದರೆ ಹೆಂಗಸರು ಒಲೆ ಬಿಟ್ಟು ಬರುವಂತಾಯಿತು.

ಅರವತ್ತೆರಡನೇ ಇಸವಿಯ ಮದುವೆ ಕಾಲ. ನಂದೀಶ್ವರಯ್ಯ ಕೆಂಪು ಸೀರೆಗಳ ಹೊಸ ಗಂಟನ್ನು ಅಂಗಡಿಯಿಂದ ನೇರ ಬಸ್ಸಿಗೇ ಹಾಕಿಸಿದರು.

“ನೆನೆಸಿ ನೋಡ್ಬೇಕಿತ್ತು ಸಾವ್ಕಾರ್ರೇ.”

“ನನ್ ಮಾತು ಸಾಲದೇನೋ ನಿಂಗೆ?”

ನಸ್ರುಲ್ಲಾ ನಾಚಿಕೊಂಡು ಬಸ್ ಹತ್ತಿದ. ಮಾರಕ್ಕನ ಮಗಳ ಧಾರೆಗೆ ತಾನೇ ಸೀರೆ ಆರಿಸಿ ಕೊಟ್ಟ. “ಬಣ್ಣ ಹೋದ್ರೆ ನನ್ ಮಕ ನೋಡ್ಬ್ಯಾಡ ಅಕ್ಕಾ.”

ಮುಂದಿನ ಸಲ ಹೋದಾಗ ಕೇರಿಯಲ್ಲಿ ಯಾರೂ ಕರೆಯಲಿಲ್ಲ. ಮಾರಕ್ಕನ ಜಗಲಿಯ ಕೆಳಗೆ ಬೊಗಸೆಯೊಡ್ಡಿದ. ಅವಳು ಒಳಗಿನಿಂದ ಆ ಸೀರೆ ತಂದು, ಸೆರಗನ್ನು ಚೆಂಬಿನಲ್ಲಿ ಅದ್ದಿ, ಆ ನೀರನ್ನೇ ಅವನ ಕೈಗೆ ಹೊಯ್ದಳು. ಬೊಗಸೆ ಕೆಂಪಾಯಿತು.

“ಧಾರೆ ಎರೆಯೋವಾಗ್ಲೂ ಇಂಗೇ ಇಳೀತು ಸಾಬ್ರೇ, ಗಂಡಿನ್ ಬಿಳೀ ಪಂಚೆ ಮ್ಯಾಲೆ. ಬೀಗರೆಲ್ಲ ಎದ್ ನಿಂತ್ಬುಟ್ರು. ನಿಮ್ಮನ್ನ ನಂಬಿದ್ನಲ್ಲ ನಾನು!”

ಶಿರಾಕ್ಕೆ ಮರಳಿದವನೇ ಅಂಗಡಿಗೆ ಹೋಗಿ ಕೆಂಪು ಹತ್ತಿದ ಅಂಗೈ ತೋರಿಸಿದ. ನಂದೀಶ್ವರಯ್ಯ ಬೆಚ್ಚಲೂ ಇಲ್ಲ.

“ಆ ಬಣ್ಣ ನಿಲ್ಲಾಕಿಲ್ಲ ಅಂತ ಗೊತ್ತಿತ್ತು ಕಣೋ. ಬೇರೆಯೋರು ಹೋಗಿದ್ರೆ ಯಾರು ತಗಳ್ತಿದ್ರು? ಅದ್ಕೇ ನಿನ್ ಕೈಗೆ ಕೊಟ್ಟೆ.”

ಹೊಗಳುವ ದನಿಯಲ್ಲೇ ಹೇಳಿದರು, ಹಾಳು ಮನುಷ್ಯ! ತನಗೆ ಮಾತು ಕಲಿಸಿದ್ದೂ ಇದಕ್ಕೇ ಇರಬೇಕು ಎಂದು ನಸ್ರುಲ್ಲಾನಿಗೆ ಅನ್ನಿಸಿತು.

ಮನೆಗೆ ಬಂದು ಬಾಗಿಲು ತಟ್ಟಿದ. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಿದ್ದ ಚಾಂದ್ ಬಿ ಒಳಗಿನಿಂದ ಹಳೇ ತಮಾಷೆಗೆ ಗದರಿದಳು: “ಯಾರಯ್ಯ ಅದು? ಏನೂ ಬ್ಯಾಡ, ನಡಿ!”

ನೀರು ಕೇಳಬೇಕೆಂದು ಬಾಯಿ ತೆರೆದ. ಮಾತು ಹೊರಡಲಿಲ್ಲ. ಬಾಗಿಲಿನ ಆಚೆ ಅವಳು ಆ ಮಾತಿಗಾಗಿ ನಗುತ್ತ ಕಾಯುತ್ತಿದ್ದಳು.